ಎಂಟು ಚುಕ್ಕಿಗಳ ಲಿಪಿ: ಪಿಕ್ಸೆಲ್ ಅಕ್ಷರಶೈಲಿಯ ಚರಿತ್ರೆ ಮತ್ತು ಲಿಪಿಭೇದದ ಪ್ರಶ್ನೆ

ಸಾರಾಂಶ

1970 ಮತ್ತು 1980ರ ದಶಕಗಳ ವಿಡಿಯೊ ಆಟಗಳಿಗಾಗಿ ಹಾಗೂ ವೈಯಕ್ತಿಕ ಗಣಕಗಳಿಗಾಗಿ ರೂಪುಗೊಂಡ ಚುಕ್ಕಿ ಅಕ್ಷರಗಳು ಇಂದು ಶೀರ್ಷಿಕೆ, ಭಿತ್ತಿಪತ್ರ ಮತ್ತು ಲಾಂಛನಗಳಲ್ಲಿ ಅಲಂಕಾರಿಕ ಶೈಲಿಯಾಗಿ ಬಳಕೆಯಲ್ಲಿವೆ. ಈ ಲೇಖನವು ಅವುಗಳ ಚರಿತ್ರೆಯನ್ನು ಭಾಷಾವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸುತ್ತದೆ. ರೋಮನ್, ಜಪಾನಿ ಮತ್ತು ಕೊರಿಯನ್ ಲಿಪಿಗಳು ಚಿಕ್ಕ ಚೌಕಳಿಯೊಳಗೆ ಸೇರಿಕೊಂಡ ಬಗೆಗಳನ್ನು ಹೋಲಿಸಿ, ಚೌಕಳಿಯ ಮಿತಿಯು ಅಕ್ಷರದ ಆಕಾರವನ್ನಷ್ಟೇ ಅಲ್ಲದೆ ಕೆಲವೊಮ್ಮೆ ಶಬ್ದಕೋಶವನ್ನೂ ರೂಪಿಸಿತೆಂದು ತೋರಿಸುತ್ತೇವೆ. ಕೊನೆಯಲ್ಲಿ ಕನ್ನಡದ ಪಿಕ್ಸೆಲ್ ಅಕ್ಷರಗಳ ಮುಂದಿರುವ ವಿಶಿಷ್ಟ ಸಮಸ್ಯೆಗಳನ್ನು ಚರ್ಚಿಸುತ್ತೇವೆ.

ಮುಖ್ಯ ಪದಗಳು: ಪಿಕ್ಸೆಲ್ ಅಕ್ಷರಶೈಲಿ, ಲಿಪಿಮಾ, ಭೇದಕ ಲಕ್ಷಣ, ಅಂಕಿತತೆ, ಒತ್ತಕ್ಷರ

1. ಪೀಠಿಕೆ

ಬರವಣಿಗೆಯ ಉಪಕರಣವು ಅಕ್ಷರದ ಆಕಾರವನ್ನು ಪ್ರಭಾವಿಸುತ್ತದೆ ಎಂಬುದು ಲಿಪಿಶಾಸ್ತ್ರದ ಹಳೆಯ ತಿಳಿವಳಿಕೆ. ತಾಳೆಗರಿಯ ಮೇಲೆ ಕಂಟದಿಂದ ಕೊರೆಯುವಾಗ ನೇರ ಗೆರೆಗಳು ಗರಿಯನ್ನು ಸೀಳುವ ಸಂಭವವಿದ್ದುದರಿಂದ ದಕ್ಷಿಣ ಭಾರತದ ಲಿಪಿಗಳು ದುಂಡಗಾದವು ಎಂಬ ವಿವರಣೆ ನಮ್ಮ ವಿದ್ಯಾರ್ಥಿಗಳಿಗೂ ಪರಿಚಿತ. ಆದರೆ ಇದೇ ಪ್ರಶ್ನೆಯನ್ನು ಗಣಕದ ಪರದೆಯ ಕುರಿತು ಕೇಳುವುದು ಅಪರೂಪ. ಪರದೆಯ ಅಕ್ಷರವನ್ನು ತಾಂತ್ರಿಕ ಸಂಗತಿಯೆಂದು ಗಣಕವಿಜ್ಞಾನಕ್ಕೂ, ಅಲಂಕಾರದ ಸಂಗತಿಯೆಂದು ವಿನ್ಯಾಸಕಾರರಿಗೂ ಬಿಟ್ಟುಕೊಟ್ಟಿದ್ದೇವೆ.

ಈ ಲೇಖನದ ಆರಂಭಬಿಂದು ಪ್ರೆಸ್ ಸ್ಟಾರ್ಟ್ 2ಪಿ ಎಂಬ ಅಕ್ಷರಶೈಲಿ. 1980ರ ದಶಕದ ನ್ಯಾಮ್ಕೊ ಆಟಗಳ ಅಕ್ಷರಗಳನ್ನು ಆಧರಿಸಿದ ಇದು ಮುಕ್ತ ಪರವಾನಗಿಯಲ್ಲಿ ಗೂಗಲ್ ಫಾಂಟ್ಸ್ ಸಂಗ್ರಹದ ಮೂಲಕ ಲಭ್ಯವಿದೆ. ಹಳೆಯ ಆಟಗಳ ನೆನಪನ್ನು ತರಬೇಕಾದ ಶೀರ್ಷಿಕೆಗಳಲ್ಲಿ ಇದರ ಬಳಕೆ ಹೇರಳ. ರೋಮನ್, ಗ್ರೀಕ್ ಮತ್ತು ಸಿರಿಲಿಕ್ ಲಿಪಿಗಳಿಗೆ ಇದರಲ್ಲಿ ಅವಕಾಶವಿದೆ, ಕನ್ನಡಕ್ಕಿಲ್ಲ. ಯಾರಾದರೂ ಕುಳಿತು ಬರೆದರೆ ತುಂಬಬಹುದಾದ ಕೊರತೆಯಂತೆ ಇದು ಮೊದಲ ನೋಟಕ್ಕೆ ಕಾಣುತ್ತದೆ. ಹಾಗಲ್ಲ, ಅದರ ಹಿಂದೆ ಲಿಪಿರಚನೆಯ ಗಂಭೀರ ಪ್ರಶ್ನೆಯೊಂದಿದೆ ಎಂಬುದು ನಮ್ಮ ವಾದ.

2. ಎಂಟರ ಚೌಕಳಿ ಮತ್ತು ರೋಮನ್ ಲಿಪಿ

1970ರ ದಶಕದ ಆಟಯಂತ್ರಗಳಲ್ಲಿ ಸ್ಮೃತಿಕೋಶ ದುಬಾರಿಯಾಗಿತ್ತು. ಪರದೆಯ ಪ್ರತಿಯೊಂದು ಚುಕ್ಕಿಯನ್ನೂ ಪ್ರತ್ಯೇಕವಾಗಿ ನೆನಪಿಟ್ಟುಕೊಳ್ಳುವ ಬದಲು ಪರದೆಯನ್ನು ಎಂಟು ಅಡ್ಡಸಾಲು, ಎಂಟು ಕಂಬಸಾಲುಗಳ ಬಿಲ್ಲೆಗಳಾಗಿ ವಿಭಜಿಸಿ, ಯಾವ ಸ್ಥಾನದಲ್ಲಿ ಯಾವ ಬಿಲ್ಲೆ ಎಂಬುದನ್ನು ಮಾತ್ರ ದಾಖಲಿಸುವ ಪದ್ಧತಿ ಬೆಳೆಯಿತು. 1980ರ ಪ್ಯಾಕ್-ಮ್ಯಾನ್ ಆಟದ ಪರದೆ ಅಡ್ಡಕ್ಕೆ 28, ಉದ್ದಕ್ಕೆ 36 ಬಿಲ್ಲೆಗಳಷ್ಟು. ಜಟಿಲ ದಾರಿಯ ಗೋಡೆಯೂ ಬಿಲ್ಲೆಯೇ, ಅಂಕಿಯೂ ಬಿಲ್ಲೆಯೇ, ಅಕ್ಷರವೂ ಬಿಲ್ಲೆಯೇ.

ಒಂದೇ ಬಣ್ಣದ ಇಂಥ ಬಿಲ್ಲೆಗೆ ಎಂಟು ಬೈಟುಗಳು ಸಾಕು. 256 ಚಿಹ್ನೆಗಳ ಸಂಪೂರ್ಣ ಗಣ 2,048 ಬೈಟುಗಳಲ್ಲಿ ಮುಗಿಯುತ್ತದೆ. ರೋಮನ್ ದೊಡ್ಡಕ್ಷರಗಳು ಇಪ್ಪತ್ತಾರು, ಅಂಕಿಗಳು ಹತ್ತು; ಉಳಿದ ಸ್ಥಳ ಚಿತ್ರಗಳಿಗೆ. ಅಕ್ಷರ ಅಕ್ಷರದ ನಡುವೆಯೂ ಸಾಲು ಸಾಲಿನ ನಡುವೆಯೂ ಒಂದೊಂದು ಚುಕ್ಕಿಯಷ್ಟು ತೆರಪು ಬಿಡಬೇಕಾದ್ದರಿಂದ ನಿಜವಾಗಿ ದೊರೆಯುವುದು ಏಳು ಗುಣಿಲೆ ಏಳರ ಜಾಗ. ಆ ಜಾಗದಲ್ಲಿ ರೋಮನ್ ದೊಡ್ಡಕ್ಷರಗಳು ಒಂದಕ್ಕೊಂದು ಗೊಂದಲವಾಗದಂತೆ ಹಿಡಿಸುತ್ತವೆ. 1976ರ ಸುಮಾರಿನ ಅಟಾರಿ ಬಳಗದ ಆಟಗಳಲ್ಲಿ ಕಾಣಿಸಿಕೊಂಡು ನ್ಯಾಮ್ಕೊ ಆಟಗಳ ಮೂಲಕ ಜಗತ್ತಿಗೆ ಪರಿಚಿತವಾದ ಈ ಆಕಾರಗಳಲ್ಲಿ ನೆಟ್ಟ ಗೆರೆಗೆ ಎರಡು ಚುಕ್ಕಿ ದಪ್ಪ, ಅಡ್ಡ ಗೆರೆಗೆ ಒಂದು. ತೊಶಿ ಒಮಾಗರಿ ಅವರು 2019ರಲ್ಲಿ ಪ್ರಕಟಿಸಿದ ಆಟಯಂತ್ರಗಳ ಅಕ್ಷರಕಲೆಯ ಗ್ರಂಥವು ಈ ಕುಟುಂಬದ ಬಹುರೂಪಗಳನ್ನು ವಿವರವಾಗಿ ದಾಖಲಿಸಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಎಂಟರ ಚೌಕಳಿಯನ್ನು ಸಾಮಾನ್ಯವಾಗಿ ಲಿಪಿನಿರಪೇಕ್ಷವಾದ ತಾಂತ್ರಿಕ ಮಾನವೆಂದು ಭಾವಿಸಲಾಗುತ್ತದೆ. ವಾಸ್ತವವಾಗಿ ಅದು ಒತ್ತು, ಗುಣಿತ, ಮೇಲ್ಚಿಹ್ನೆ ಯಾವುದೂ ಇಲ್ಲದ, ಬಿಡಿಬಿಡಿಯಾಗಿ ನಿಲ್ಲುವ, ಸಂಖ್ಯೆಯಲ್ಲಿ ಕಡಿಮೆ ಇರುವ ಅಕ್ಷರಗಳ ಲಿಪಿಗೆ ಸರಿಹೊಂದುವ ಮಾನ. ಬೇರೆ ಲಿಪಿಗಳು ಅದರೊಳಗೆ ಪ್ರವೇಶಿಸಬೇಕಾದಾಗ ಏನನ್ನಾದರೂ ಬಿಟ್ಟುಕೊಡಬೇಕಾಯಿತು.

3. ಜಪಾನಿನ ಉದಾಹರಣೆ: ಲಿಪಿಯ ಬಡತನ, ಹೆಸರುಗಳ ಹುಟ್ಟು

ನಿಂಟೆಂಡೊ ಸಂಸ್ಥೆಯ ಫ್ಯಾಮಿಕಾಮ್ ಯಂತ್ರ 1983ರ ಜುಲೈ 15ರಂದು ಜಪಾನಿನಲ್ಲಿ ಮಾರುಕಟ್ಟೆಗೆ ಬಂದಿತು. ಅದರಲ್ಲಿಯೂ ಎಂಟರ ಬಿಲ್ಲೆಯೇ ಮೂಲಮಾನ. 256 ಬಿಲ್ಲೆಗಳ ಒಂದು ಪಟ್ಟಿಯಲ್ಲಿ ಹಿನ್ನೆಲೆಯ ಚಿತ್ರಗಳೂ ಅಕ್ಷರಗಳೂ ಒಟ್ಟಿಗೆ ಇರಬೇಕಾಗಿತ್ತು. 1978ರ ಜಪಾನಿ ಮಾನಕ ಸಂಕೇತಪಟ್ಟಿಯಲ್ಲಿದ್ದ ಕಾಂಜಿ ಅಕ್ಷರಗಳು 6,349. ಹದಿನಾರು ಗುಣಿಲೆ ಹದಿನಾರರ ಚೌಕಳಿಯಲ್ಲಿ ಒಂದೊಂದಕ್ಕೆ 32 ಬೈಟುಗಳಂತೆ ಎಣಿಸಿದರೆ ಅವುಗಳ ಚಿತ್ರಗಳಿಗೇ ಎರಡು ಲಕ್ಷ ಬೈಟುಗಳಿಗೂ ಹೆಚ್ಚು ಬೇಕು. 1986ರ ಮೇ 27ರಂದು ಎನಿಕ್ಸ್ ಪ್ರಕಟಿಸಿದ ಡ್ರ್ಯಾಗನ್ ಕ್ವೆಸ್ಟ್ ಆಟದ ಇಡೀ ಕಾರ್ಟ್ರಿಜ್ ಹಿಡಿಸುತ್ತಿದ್ದುದು 64 ಕಿಲೋಬೈಟು ಮಾತ್ರ. ಆದ್ದರಿಂದ ಕಾಂಜಿಯನ್ನು ಬಿಡುವುದು ಅನಿವಾರ್ಯವಾಯಿತು. ಕಾಂಜಿ ಬಿಟ್ಟ ಮೇಲೆ ಪದದ ಗಡಿ ತಿಳಿಯದಾಗುವುದರಿಂದ ಇಂಥ ಆಟಗಳ ಪಠ್ಯದಲ್ಲಿ, ಸಾಮಾನ್ಯ ಜಪಾನಿ ಬರವಣಿಗೆಯಲ್ಲಿ ಇಲ್ಲದ ಪದವಿರಾಮ ಕಾಣಿಸಿಕೊಂಡಿತು.

ಯುಜಿ ಹೊರಿಯಿ ಅವರು ರೂಪಿಸಿದ ಈ ಆಟ ಭಾಷಾವಿಜ್ಞಾನಿಗಳ ಗಮನಕ್ಕೆ ಅರ್ಹವಾಗುವುದು ಇನ್ನೊಂದು ಕಾರಣದಿಂದ. ಪಠ್ಯದ ಬಹುಭಾಗವನ್ನು ಹಿರಗಾನದಲ್ಲಿ ಬರೆದು, ಸ್ಥಳ ಉಳಿಸುವ ಸಲುವಾಗಿ ನಲವತ್ತಾರು ಮೂಲ ಕಟಕಾನ ಅಕ್ಷರಗಳ ಪೈಕಿ ಇಪ್ಪತ್ತನ್ನು ಮಾತ್ರ ಇಟ್ಟುಕೊಳ್ಳಲಾಯಿತು. ಕನ್ನಡ ಲಿಪಿಯಲ್ಲಿ ಹೇಳುವುದಾದರೆ ಅವು: ಇ, ಕ, ಕಿ, ಕೊ, ಶಿ, ಸು, ತ, ತೊ, ಹೆ, ಹೊ, ಮ, ಮಿ, ಮು, ಮೆ, ರ, ರಿ, ರು, ರೆ, ರೊ, ನ್. ಇವುಗಳಲ್ಲಿ ಹೆ ಮತ್ತು ರಿ ಅಕ್ಷರಗಳ ಆಕಾರ ಹಿರಗಾನದಲ್ಲಿಯೂ ಹೆಚ್ಚುಕಡಮೆ ಅದೇ ಆದ್ದರಿಂದ ಎರಡೂ ಲಿಪಿಗಳಿಗೆ ಒಂದೇ ಚಿತ್ರ ಸಾಕಾಯಿತು.

ಆಟದ ಕಲ್ಪಿತ ಜೀವಿಗಳ, ಮಂತ್ರಗಳ, ಊರುಗಳ ಕಟಕಾನ ಹೆಸರುಗಳು ಈ ಇಪ್ಪತ್ತು ಅಕ್ಷರಗಳಿಂದಲೇ ಹುಟ್ಟಬೇಕಾಗಿತ್ತು. ಸುರೈಮು ಎಂಬ ಲೋಳೆಜೀವಿ, ಗೋರೆಮು ಎಂಬ ಕಾವಲು ಭೂತ, ಗಾಯ ಮಾಯಿಸುವ ಹೊಇಮಿ ಮಂತ್ರ, ಕೋಟೆಗೆ ಮರಳಿಸುವ ರೂರ ಮಂತ್ರ, ರದತೋಮು ಎಂಬ ರಾಜಧಾನಿ, ರೊತೊ ಎಂಬ ವೀರನ ಹೆಸರು, ಯಾವುದನ್ನು ಬಿಡಿಸಿ ನೋಡಿದರೂ ಈ ಗಣದ ಹೊರಗಿನ ಅಕ್ಷರ ಸಿಗುವುದಿಲ್ಲ. ದೀರ್ಘದ ಗೆರೆಯೂ ಘೋಷದ ಗುರುತೂ ಪ್ರತ್ಯೇಕ ಬಿಲ್ಲೆಗಳು. ಗೋರೆಮು ಪದದ ಗೊ ಎಂದರೆ ಕೊ ಬಿಲ್ಲೆಯ ಮೇಲ್ಗಡೆ ಎರಡು ಗೀಟುಗಳ ಬಿಲ್ಲೆ.

ಈ ಗಣದ ಧ್ವನಿವಿನ್ಯಾಸ ಕುತೂಹಲಕರವಾದುದು. ರ ಸಾಲಿನ ಐದೂ ಅಕ್ಷರಗಳು, ಮ ಸಾಲಿನ ನಾಲ್ಕು ಅಕ್ಷರಗಳು ಇಲ್ಲಿವೆ. ನ, ಯ, ವ ಸಾಲುಗಳು ಸಂಪೂರ್ಣ ಇಲ್ಲ; ಸ್ವರಗಳಲ್ಲಿ ಇ ಮಾತ್ರ. ಮೂಲ ಕಟಕಾನದಲ್ಲಿ ರ ಮತ್ತು ಮ ಸಾಲುಗಳ ಪಾಲು ಸುಮಾರು ಶೇ 22. ಈ ಗಣದಲ್ಲಿ ಶೇ 45. ಹೀಗಾಗಿ ಆಟದ ಹೆಸರುಗಳಲ್ಲಿ ರಕಾರ ಮಕಾರಗಳ ಒಂದು ವಿಶಿಷ್ಟ ಇಂಪು ಉಂಟಾಗಿದೆ. ಕಲ್ಪಿಸಿಕೊಂಡ ಹೆಸರುಗಳಿಗಾಗಿ ಅಕ್ಷರಗಳನ್ನು ಆರಿಸಿದರೋ, ಉಳಿದ ಅಕ್ಷರಗಳಿಗೆ ತಕ್ಕಂತೆ ಹೆಸರುಗಳನ್ನು ಹೊಸೆದರೋ ಎಂದು ಕೇಳಿದರೆ, ಎರಡೂ ಪ್ರಕ್ರಿಯೆಗಳು ಪರಸ್ಪರವನ್ನು ತಿದ್ದುತ್ತ ಸಾಗಿರಬೇಕೆಂದು ಊಹಿಸುವುದು ಯುಕ್ತ. ನಿಶ್ಚಿತವಾದುದು ಇಷ್ಟು: ಆ ಮಿತಿ ಮುಂದಿನ ಯಂತ್ರಗಳಲ್ಲಿ ಅಳಿಸಿಹೋಯಿತು, ಆದರೆ ಸುರೈಮು, ಹೊಇಮಿ, ರೂರ ಎಂಬ ಪದಗಳು ಆ ಸರಣಿಯ ಮುಂದಿನ ಆಟಗಳಲ್ಲಿಯೂ ಉಳಿದವು. ಲಿಪಿಯ ತಾತ್ಕಾಲಿಕ ಬಡತನ ಶಬ್ದಕೋಶದ ಶಾಶ್ವತ ಆಸ್ತಿಯಾಯಿತು. ಬರವಣಿಗೆ ಮಾತಿನ ನೆರಳು ಮಾತ್ರ ಎಂಬ ಬ್ಲೂಮ್‌ಫೀಲ್ಡ್ ಪರಂಪರೆಯ ನಿಲುವಿಗೆ ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಸ್ಪಷ್ಟವಾದ ಪ್ರತ್ಯುದಾಹರಣೆ ಸಿಗುವುದು ಕಷ್ಟ.

ಘೋಷದ ಗುರುತಿನ ವಿಷಯವನ್ನು ಇನ್ನಷ್ಟು ನೋಡಬೇಕು. ಕ-ಗ, ತ-ದ, ಸ-ಜ ಜೋಡಿಗಳಲ್ಲಿ ಘೋಷವೆಂಬ ಒಂದೇ ಭೇದಕ ಲಕ್ಷಣವನ್ನು ಒಂದೇ ಗುರುತಿನಿಂದ ಸೂಚಿಸುವುದು ಜಪಾನಿ ಕಾನಾ ಲಿಪಿಗಳ ಗುಣ. ಗುರುತನ್ನು ಅಕ್ಷರದಿಂದ ಬೇರ್ಪಡಿಸಿ ಮೇಲಿನ ಬಿಲ್ಲೆಗೆ ಏರಿಸಿದಾಗ ಪಠ್ಯದ ಪ್ರತಿಯೊಂದು ಸಾಲಿಗೂ ಎರಡು ಸಾಲಿನ ಜಾಗ ಖರ್ಚಾಯಿತು. ಆದರೆ ಈ ಗಣದ ಕ, ಕಿ, ಕೊ, ಶಿ, ಸು, ತ, ತೊ, ಹೆ, ಹೊ ಎಂಬ ಒಂಬತ್ತು ಅಕ್ಷರಗಳಿಗೆ ಒಂಬತ್ತು ಘೋಷರೂಪಗಳು ಹೊಸ ಚಿತ್ರವಿಲ್ಲದೆ ದೊರೆತವು. ಲಿಪಿಯೊಳಗಿನ ವ್ಯವಸ್ಥೆಯನ್ನು ಗುರುತಿಸಿ ಬಳಸಿದ್ದರಿಂದ ಆದ ಉಳಿತಾಯ ಇದು.

4. ಕೊರಿಯದ ಉದಾಹರಣೆ: ಬಿಡಿಸಿ ಜೋಡಿಸುವ ಮಾರ್ಗ

ಹಂಗುಲ್ ಲಿಪಿಯಲ್ಲಿ ಮೊದಲ ವ್ಯಂಜನಗಳು 19, ಸ್ವರಗಳು 21, ಅಂತ್ಯವ್ಯಂಜನಗಳು 27. ಇವು ಒಂದು ಚೌಕದೊಳಗೆ ಕೂಡಿ ಒಂದು ಅಕ್ಷರವಾಗುತ್ತವೆ. ಅಂತ್ಯವ್ಯಂಜನವಿಲ್ಲದ ರೂಪಗಳೂ ಸೇರಿದರೆ ಸಾಧ್ಯವಿರುವ ಒಟ್ಟು ಅಕ್ಷರಗಳು 11,172. ಹದಿನಾರರ ಚೌಕಳಿಯಲ್ಲಿ ಪ್ರತಿಯೊಂದನ್ನೂ ಬರೆದಿಟ್ಟರೆ ಮೂರೂವರೆ ಲಕ್ಷ ಬೈಟುಗಳಿಗೂ ಮಿಕ್ಕುತ್ತದೆ.

ಕೊರಿಯದ ತಂತ್ರಜ್ಞರು ಬಳಸಿದ ಉಪಾಯಗಳಲ್ಲಿ ಪ್ರಸಿದ್ಧವಾದುದು ಎಂಟು-ನಾಲ್ಕು-ನಾಲ್ಕು ಪದ್ಧತಿ. ನೆರೆಯ ಸ್ವರಕ್ಕೂ ಅಂತ್ಯವ್ಯಂಜನಕ್ಕೂ ತಕ್ಕಂತೆ ಗಾತ್ರ ಮತ್ತು ಸ್ಥಾನ ಬದಲಿಸಿದ ಎಂಟು ಬಗೆಯ ಮೊದಲ ವ್ಯಂಜನಗಳು, ನಾಲ್ಕು ಬಗೆಯ ಸ್ವರಗಳು, ನಾಲ್ಕು ಬಗೆಯ ಅಂತ್ಯವ್ಯಂಜನಗಳು. ಒಟ್ಟು ಚಿತ್ರಗಳು 152, 84, 108 ಸೇರಿ 344. ಇವನ್ನು ಒಂದರ ಮೇಲೊಂದು ಹಾಸಿದರೆ ಎಲ್ಲ ಅಕ್ಷರಗಳೂ ಸಿದ್ಧ. ಬೇಕಾಗುವುದು ಸುಮಾರು ಹನ್ನೊಂದು ಸಾವಿರ ಬೈಟುಗಳು. ಧ್ವನಿಮಾಕ್ಕೆ ಪರಿಸರಾನುಸಾರ ಉಪಧ್ವನಿಗಳಿರುವಂತೆ ಇಲ್ಲಿ ಲಿಪಿಮಾಕ್ಕೆ ಪರಿಸರಾನುಸಾರ ಉಪರೂಪಗಳಿವೆ. ಉಪರೂಪಗಳ ಹಂಚಿಕೆಯ ನಿಯಮವನ್ನು ಬರೆದ ತಂತ್ರಜ್ಞರು, ತಮಗೆ ಅರಿವಿದ್ದೋ ಇಲ್ಲದೆಯೋ, ತಮ್ಮ ಲಿಪಿಗೊಂದು ವರ್ಣನಾತ್ಮಕ ವ್ಯಾಕರಣವನ್ನೇ ಬರೆದರು.

5. ಮಿತಿಯಿಂದ ಶೈಲಿಗೆ

1984ರ ಮ್ಯಾಕಿಂಟಾಷ್ ಗಣಕಕ್ಕಾಗಿ ಸೂಸಾನ್ ಕೇರ್ ರೂಪಿಸಿದ ಷಿಕಾಗೊ ಅಕ್ಷರಶೈಲಿ ಈ ಚರಿತ್ರೆಯ ಎರಡನೆಯ ಘಟ್ಟ. ಆ ಪರದೆ 512 ಗುಣಿಲೆ 342 ಚುಕ್ಕಿಗಳದು, ಬಣ್ಣ ಕಪ್ಪು ಬಿಳಿ ಎರಡೇ. ಆದರೆ ಇಲ್ಲಿ ಪ್ರತಿಯೊಂದು ಅಕ್ಷರಕ್ಕೂ ಅದರ ಸಹಜ ಅಗಲವನ್ನು ಕೊಡಲು ಸಾಧ್ಯವಾಯಿತು. ನೆಟ್ಟ ಗೆರೆಗಳಿಗೆ ಎರಡು ಚುಕ್ಕಿಗಳ ದಪ್ಪವಿದ್ದುದರಿಂದ, ಸದ್ಯ ಬಳಸಲಾಗದ ಆಯ್ಕೆಗಳನ್ನು ಚುಕ್ಕಿ ಬಿಟ್ಟು ಚುಕ್ಕಿ ಅಳಿಸಿ ಮಂಕಾಗಿಸಿದಾಗಲೂ ಪದಗಳನ್ನು ಓದಲು ಆಗುತ್ತಿತ್ತು. ಚುಕ್ಕಿಚಿತ್ರಗಳಿಗೂ ಮೊಸಾಯಿಕ್ ಮತ್ತು ಕಸೂತಿಯಂಥ ಹಳೆಯ ಕಲೆಗಳಿಗೂ ಇರುವ ಸಂಬಂಧವನ್ನು ಕೇರ್ ಅವರೇ ಪ್ರಸ್ತಾಪಿಸಿದ್ದಾರೆ. ಧಾರವಾಡದ ಕಸೂತಿಯಲ್ಲಿ ಎಳೆ ಎಣಿಸಿ ಮೆಂತೆ ಹೊಲಿಗೆ ಹಾಕುವುದನ್ನು ಕಂಡವರಿಗೆ ಈ ಸಾಮ್ಯವನ್ನು ವಿವರಿಸಬೇಕಾಗಿಲ್ಲ.

1985ರಲ್ಲಿ ಅದೇ ಗಣಕದ ಮೇಲೆ ಜುಜಾನಾ ಲಿಚ್ಕೊ ಅವರು ಎಂಪರರ್, ಓಕ್‌ಲ್ಯಾಂಡ್, ಎಮಿಗ್ರೆ ಎಂಬ ಚುಕ್ಕಿ ಅಕ್ಷರಗಳನ್ನು ರಚಿಸಿದರು. ಓದಲು ಸುಲಭವೆನಿಸುವುದು ಅಕ್ಷರದೊಳಗಿನ ಗುಣವಲ್ಲ, ಓದುಗರ ಅಭ್ಯಾಸದ ಫಲ ಎಂಬುದು ಅವರ ವಾದವಾಗಿತ್ತು. ಅದೇ ವರ್ಷ ಬಂದ ಆ್ಯಪಲ್ ಲೇಸರ್ ಮುದ್ರಕ ಮತ್ತು ಪೋಸ್ಟ್‌ಸ್ಕ್ರಿಪ್ಟ್ ಭಾಷೆ, ಆಮೇಲೆ 1991ರ ಟ್ರೂಟೈಪ್, ನಯವಾದ ಅಂಚಿನ ಅಕ್ಷರಗಳನ್ನು ಸಾಮಾನ್ಯಗೊಳಿಸಿದವು. ಮೊನಚು ಮೆಟ್ಟಿಲುಗಳ ಅಕ್ಷರವನ್ನು ಬಳಸಲೇಬೇಕೆಂಬ ಒತ್ತಾಯ ಕ್ರಮೇಣ ಕಳೆಯಿತು. 2001ರಲ್ಲಿ ಲಿಚ್ಕೊ ಅವರ ಚುಕ್ಕಿ ಅಕ್ಷರಗಳು ಲೊ-ರೆಸ್ ಎಂಬ ಹೆಸರಿನಲ್ಲಿ ಪುನಃ ಒಂದುಗೂಡಿ ಪ್ರಕಟವಾದಾಗ ಅವು ಬೇಕೆಂದು ಆರಿಸಿಕೊಳ್ಳುವ ಶೈಲಿಯಾಗಿದ್ದವು.

ಈ ಬದಲಾವಣೆಯನ್ನು ಪ್ರಾಗ್ ಪಂಥದ ಅಂಕಿತತೆಯ ಪರಿಕಲ್ಪನೆಯಿಂದ ವಿವರಿಸಬಹುದು. 1980ರ ಆಟದ ಪರದೆಯಲ್ಲಿ ಚುಕ್ಕಿ ಅಕ್ಷರ ಅನಂಕಿತ ರೂಪ. ಅದಕ್ಕೆ ಪ್ರತಿಯಾಗಿ ಇನ್ನೊಂದು ರೂಪ ಇರಲಿಲ್ಲವಾದ್ದರಿಂದ ಅದು ಏನನ್ನೂ ವಿಶೇಷವಾಗಿ ಸೂಚಿಸುತ್ತಿರಲಿಲ್ಲ. ನಯವಾದ ಅಕ್ಷರ ಬಂದ ಮೇಲೆ ಅದೇ ರೂಪ ಅಂಕಿತವಾಯಿತು. ಪರ್ಸ್ ಅವರ ಪರಿಭಾಷೆಯಲ್ಲಿ ಹೇಳುವುದಾದರೆ, ಯಂತ್ರದ ಸಾಮರ್ಥ್ಯವನ್ನು ನೇರವಾಗಿ ತೋರುವ ಸೂಚಿಯಾಗಿದ್ದುದು ಒಂದು ಕಾಲವನ್ನು ನೆನಪಿಸುವ ಸಂಕೇತವಾಯಿತು.

ಇಂದಿನ ಬಳಕೆಯ ನಿಯಮಗಳೂ ಇದರಿಂದಲೇ ಅರ್ಥವಾಗುತ್ತವೆ. ಚುಕ್ಕಿಯೇ ಸಂಕೇತವಾದ್ದರಿಂದ ಚುಕ್ಕಿ ಕಾಣಲೇಬೇಕು. ಎಂಟರ ಚೌಕಳಿಯ ಅಕ್ಷರವನ್ನು 8, 16, 24, 32 ಎಂಬಂತೆ ಪೂರ್ಣ ಗುಣಕಗಳ ಗಾತ್ರದಲ್ಲಿ ಬಳಸಬೇಕು. 20ಕ್ಕೆ ಹಿಗ್ಗಿಸಿದರೆ ಕೆಲವು ಚುಕ್ಕಿಗಳು ಎರಡರಷ್ಟು, ಕೆಲವು ಮೂರರಷ್ಟು ಆಗಿ ಗೆರೆಗಳು ಏರುಪೇರಾಗುತ್ತವೆ; ಅಂಚನ್ನು ನಯಗೊಳಿಸಿದರೆ ಬರಿಯ ಮಸುಕು ಉಳಿಯುತ್ತದೆ. ನಾಲ್ಕಾರು ಪದಗಳ ಶೀರ್ಷಿಕೆಗೆ, ಅಂಕಪಟ್ಟಿಗೆ, ಆಟದ ಲಾಂಛನಕ್ಕೆ ಇದು ಒಪ್ಪುತ್ತದೆ. ಎಲ್ಲ ಅಕ್ಷರಗಳಿಗೂ ಒಂದೇ ಅಗಲವಿರುವುದರಿಂದ ಪದಗಳ ಹೊರರೇಖೆ ಚಪ್ಪಟೆಯಾಗಿ, ದೀರ್ಘ ಪಠ್ಯದಲ್ಲಿ ಕಣ್ಣು ದಣಿಯುತ್ತದೆ.

6. ಕನ್ನಡದ ಪ್ರಶ್ನೆ

ಕನ್ನಡವನ್ನು ಎಂಟು ಸಾಲುಗಳಲ್ಲಿ ಬರೆಯಲು ಪ್ರಯತ್ನಿಸೋಣ. ಇದಕ್ಕೆ ಚೌಕಳಿ ಹಾಳೆ ಮತ್ತು ಪೆನ್ಸಿಲು ಸಾಕು; ಓದುಗರೂ ಪರೀಕ್ಷಿಸಬಹುದು. ತಲೆಕಟ್ಟಿಗೆ ಎರಡು ಸಾಲು, ಅಕ್ಷರದ ಒಡಲಿಗೆ ಐದು ಸಾಲು, ಮುಂದಿನ ಸಾಲಿನಿಂದ ಬೇರ್ಪಡಿಸಲು ಒಂದು ಖಾಲಿ ಸಾಲು. ಐದರ ಒಡಲಿನಲ್ಲಿ ರ ಬರೆದರೆ ಒಳಗೆ ಮೂರು ಗುಣಿಲೆ ಮೂರರ ತೆರಪು ಉಳಿಯುತ್ತದೆ. ನಡುವೆ ಒಂದೇ ಒಂದು ಚುಕ್ಕಿ ಇಟ್ಟರೆ ಅದು ಠ. ರ ಮತ್ತು ಠ ಎಂಬ ಎರಡು ಲಿಪಿಮಾಗಳ ನಡುವಿನ ಸಂಪೂರ್ಣ ಭೇದವನ್ನು ಇಲ್ಲಿ ಒಂದು ಚುಕ್ಕಿ ಹೊರಬೇಕು. ಪ-ಷ ಜೋಡಿಯ ಸ್ಥಿತಿಯೂ ಇಷ್ಟೇ ನಾಜೂಕಿನದು.

ಮಹಾಪ್ರಾಣದ ಸಮಸ್ಯೆ ಇನ್ನೂ ಕಠಿನ. ಡ-ಢ, ದ-ಧ, ಪ-ಫ, ಬ-ಭ ಜೋಡಿಗಳಲ್ಲಿ ಭೇದವನ್ನು ತೋರುವುದು ಅಕ್ಷರದ ಅಡಿಯ ಸೀಳು. ಅದಕ್ಕೆ ಜಾಗ ಮಾಡಿದರೆ ಖಾಲಿ ಸಾಲು ಹೋಗಿ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಬಿಟ್ಟರೆ ದನ, ಧನ ಎಂಬ ಕನಿಷ್ಠ ಜೋಡಿ ಒಂದೇ ಆಗುತ್ತದೆ. ಇದು ಜಪಾನಿನ ಘೋಷದ ಗುರುತನ್ನು ನೆನಪಿಸುತ್ತದೆ, ಆದರೆ ಅಲ್ಲಿಯ ಕ್ರಮಬದ್ಧತೆ ಇಲ್ಲಿಲ್ಲ: ಕ-ಖ, ಗ-ಘ ಜೋಡಿಗಳಲ್ಲಿ ಸೀಳಿನಿಂದ ಭೇದ ಹುಟ್ಟುವುದಿಲ್ಲ. ಆದ್ದರಿಂದ ಸೀಳನ್ನು ಪ್ರತ್ಯೇಕ ಬಿಲ್ಲೆಯಾಗಿಸಿದರೂ ಉಳಿತಾಯ ಅಲ್ಪ.

ಒತ್ತಕ್ಷರಗಳಿಗಂತೂ ಎಂಟರಲ್ಲಿ ಸ್ಥಳವೇ ಇಲ್ಲ. ರಾಷ್ಟ್ರ ಎಂಬ ಪದದಲ್ಲಿ ಷಕಾರಕ್ಕೆ ಎರಡು ಒತ್ತುಗಳು ಸೇರುತ್ತವೆ. ಜಪಾನಿ ಲಿಪಿ ಮೇಲುಗಡೆ ಒಂದು ಬಿಲ್ಲೆಯನ್ನು ಬೇಡಿದಂತೆ ಕನ್ನಡ ಕೆಳಗಡೆ ಒಂದು ಬಿಲ್ಲೆಯನ್ನು ಬೇಡುತ್ತದೆ. ಅಂದರೆ ಕನ್ನಡದ ಸಹಜ ಕನಿಷ್ಠ ಎತ್ತರ ಹದಿನಾರು ಸಾಲುಗಳ ಆಸುಪಾಸಿನದು. ಊರ ಬಸ್ಸುಗಳ ಹಣೆಯ ಮೇಲಿನ ಎಲ್‌ಇಡಿ ಫಲಕಗಳಲ್ಲಿ ಇದನ್ನು ದಿನವೂ ಕಾಣಬಹುದು. ಕೋರಮಂಗಲ, ಯಶವಂತಪುರ ಎಂಬ ಹೆಸರುಗಳು ಸಾಲಿನ ಎತ್ತರವನ್ನೆಲ್ಲ ತುಂಬಿಕೊಂಡು ನಿಲ್ಲಬಲ್ಲವು. ಮಲ್ಲೇಶ್ವರ ಬಂದಾಗ ಎರಡು ಒತ್ತುಗಳಿಗಾಗಿ ಒಡಲು ಕುಗ್ಗಬೇಕು, ಇಲ್ಲವೇ ಒತ್ತುಗಳು ಒಡಲಿಗೆ ಅಂಟಿಕೊಳ್ಳಬೇಕು.

ಕನ್ನಡಕ್ಕೆ ಚುಕ್ಕಿ ಅಕ್ಷರಗಳ ಚರಿತ್ರೆಯೇ ಇಲ್ಲವೆಂದು ಇದರ ಅರ್ಥವಲ್ಲ. 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಆರಂಭವಾಗಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿದ ಜಿಸ್ಟ್ ತಂತ್ರಜ್ಞಾನವು ಭಾರತೀಯ ಲಿಪಿಗಳನ್ನು ಸಾಮಾನ್ಯ ಗಣಕದ ಪರದೆಗೆ ತಂದಿತು. 1991ರ ಇಸ್ಕಿ ಮಾನಕವು ಅವುಗಳಿಗೆ ಸಮಾನ ಸಂಕೇತಪಟ್ಟಿಯನ್ನು ನೀಡಿತು. ಹೊಡೆತದ ಸೂಜಿಗಳ ಮುದ್ರಕಗಳಲ್ಲಿ ಅಚ್ಚಾದ ಪಟ್ಟಿ, ರಸೀದಿಗಳು ನಮ್ಮ ಚುಕ್ಕಿ ಅಕ್ಷರಗಳ ಪ್ರಾಚೀನ ಪಳೆಯುಳಿಕೆಗಳು. 1998ರಲ್ಲಿ ಆರಂಭವಾದ ಯೂನಿಫಾಂಟ್ ಎಂಬ ಮುಕ್ತ ಚುಕ್ಕಿ ಅಕ್ಷರಗಣದಲ್ಲಿಯೂ ಕನ್ನಡದ ಚಿಹ್ನೆಗಳು ಹದಿನಾರು ಸಾಲಿನ ಎತ್ತರದಲ್ಲಿವೆ. ಆದರೆ ಅಲ್ಲಿ ಪ್ರತಿಯೊಂದು ಸಂಕೇತಕ್ಕೆ ಒಂದು ಚಿತ್ರ ಎಂಬುದೇ ನಿಯಮವಾದ್ದರಿಂದ ಒತ್ತುಗಳು ಕೂಡಿಕೊಳ್ಳುವುದಿಲ್ಲ. ಕನ್ನಡದ ಸಂಕೇತಗಳೆಲ್ಲ ಇದ್ದರೂ ಕನ್ನಡದ ಬರವಣಿಗೆ ಅಲ್ಲಿಲ್ಲ.

ಇಲ್ಲಿ ಒಂದು ಎಚ್ಚರ ಅಗತ್ಯ. ಮಹಾಪ್ರಾಣಾಕ್ಷರಗಳನ್ನು ಕೈಬಿಡಬೇಕೆಂದು ಡಿ.ಎನ್. ಶಂಕರ ಬಟ್ ಅವರು ಮಂಡಿಸಿದ ವಾದ ಕನ್ನಡಿಗರ ಉಚ್ಚಾರಣೆಯನ್ನು ಆಧರಿಸಿದ್ದು. ಅದನ್ನು ಒಪ್ಪುವುದಾಗಲಿ ಬಿಡುವುದಾಗಲಿ ಭಾಷೆಯ ನೆಲೆಯಲ್ಲಿ ನಡೆಯಬೇಕಾದ ಚರ್ಚೆ. ಫಲಕದಲ್ಲಿ ಸೀಳು ಹಿಡಿಸಲಿಲ್ಲ ಎಂಬ ಕಾರಣಕ್ಕೆ ಆ ಭೇದ ಸದ್ದಿಲ್ಲದೆ ಅಳಿಸಿಹೋದರೆ ಅದು ಸುಧಾರಣೆಯಲ್ಲ, ಯಾರೂ ಮಾಡದ ತೀರ್ಮಾನ. ಅಂಥ ತೀರ್ಮಾನವನ್ನು ಪ್ರಶ್ನಿಸುವುದಕ್ಕೂ ಎದುರಿಗೆ ಯಾರೂ ಇರುವುದಿಲ್ಲ.

ಕನ್ನಡಕ್ಕೆ ಯೋಗ್ಯವಾದ ಮಾರ್ಗ ಕೊರಿಯದ್ದಕ್ಕೆ ಸಮೀಪವಾದುದೆಂದು ನಮಗೆ ತೋರುತ್ತದೆ. ತಲೆಕಟ್ಟು, ಒಡಲು, ಗುಣಿತ, ಒತ್ತು ಎಂಬ ಘಟಕಗಳನ್ನು ಬೇರ್ಪಡಿಸಿ, ಪರಿಸರಾನುಸಾರ ಅವುಗಳ ಉಪರೂಪಗಳನ್ನು ಪಟ್ಟಿಮಾಡಬೇಕು. ಕ ಅಕ್ಷರದ ತಲೆಕಟ್ಟು ಕಿ ಆಗುವಾಗ ಸುರುಳಿಯಾಗುವುದು, ಒತ್ತು ಬಂದಾಗ ಒಡಲು ಮೇಲಕ್ಕೆ ಸರಿಯುವುದು, ಇವೆಲ್ಲ ನಿಯಮಬದ್ಧ. ನಯವಾದ ಅಕ್ಷರಗಳನ್ನು ಯಂತ್ರದಿಂದ ಚುಕ್ಕಿಗಳಾಗಿ ಒಡೆಯುವುದು ಇದಕ್ಕೆ ಬದಲಿಯಾಗದು. ಯಂತ್ರಕ್ಕೆ ಠಕಾರದ ನಡುವಿನ ಚುಕ್ಕಿಯೂ ತಲೆಕಟ್ಟಿನ ತುದಿಯ ಚುಕ್ಕಿಯೂ ಸಮಾನ. ಓದುಗನಿಗೆ ಮೊದಲನೆಯದು ಭೇದಕ, ಎರಡನೆಯದು ಅಲ್ಲ.

7. ಉಪಸಂಹಾರ

ಚಿಕ್ಕ ಚೌಕಳಿಯು ಲಿಪಿಗೆ ಒಂದು ಪರೀಕ್ಷೆ. ಯಾವ ಗೆರೆ ಇಲ್ಲದಿದ್ದರೂ ಅಕ್ಷರ ಉಳಿಯುತ್ತದೆ, ಯಾವುದು ಹೋದರೆ ಇನ್ನೊಂದು ಅಕ್ಷರವಾಗುತ್ತದೆ ಎಂಬುದನ್ನು ಅದು ಕೈಬರಹಕ್ಕಿಂತಲೂ ಅಚ್ಚಿನ ಮೊಳೆಗಿಂತಲೂ ನಿಷ್ಠುರವಾಗಿ ತೋರಿಸುತ್ತದೆ. ರೋಮನ್ ಲಿಪಿ ಆ ಪರೀಕ್ಷೆಯನ್ನು ಸುಲಭವಾಗಿ ದಾಟಿತು, ಜಪಾನಿ ಲಿಪಿ ತನ್ನ ಭಾಗಗಳನ್ನು ಬಿಟ್ಟುಕೊಟ್ಟು ದಾಟಿತು, ಕೊರಿಯನ್ ಲಿಪಿ ತನ್ನ ರಚನೆಯನ್ನು ಬಿಡಿಸಿ ತೋರಿಸಿ ದಾಟಿತು.

ಕನ್ನಡದಲ್ಲಿ ಪಿಕ್ಸೆಲ್ ಶೈಲಿಯ ಶೀರ್ಷಿಕೆ ಬರೆಯುವ ವಿನ್ಯಾಸಕಾರರು ಯಾವ ಗತಕಾಲವನ್ನು ನೆನಪಿಸುತ್ತಿದ್ದಾರೆ? ರೋಮನ್ ಆಟಯಂತ್ರಗಳ ನೆನಪನ್ನು ಎರವಲು ಪಡೆದು ಎಂಟರ ಚೌಕಳಿಗೆ ಕನ್ನಡವನ್ನು ತುರುಕಿದರೆ ನಮಗೆ ದೊರೆಯುವುದು ಒತ್ತು ಕಳೆದುಕೊಂಡ, ಮಹಾಪ್ರಾಣ ಮಸುಕಾದ ಅಕ್ಷರ. ಅದರ ಬದಲು ಮುದ್ರಕದ ರಸೀದಿ, ಬಸ್ಸಿನ ಫಲಕಗಳ ಹದಿನಾರು ಸಾಲುಗಳನ್ನು ಆಧಾರವಾಗಿಟ್ಟುಕೊಂಡರೆ ಶೈಲಿಯೂ ನಮ್ಮದಾಗುತ್ತದೆ, ಅಕ್ಷರಭೇದವೂ ಉಳಿಯುತ್ತದೆ. ಈ ಕೆಲಸ ವಿನ್ಯಾಸಕಾರರೊಬ್ಬರಿಂದಲೇ ಆಗುವುದಲ್ಲ. ಕನ್ನಡದ ಲಿಪಿಮಾಗಳು, ಅವುಗಳ ಉಪರೂಪಗಳು, ಭೇದಕವಾದ ಗೆರೆಗಳು ಯಾವುವು ಎಂಬ ಸಂಪೂರ್ಣ ವರ್ಣನೆ ಅದಕ್ಕೆ ಬೇಕು. ಅಂಥ ವರ್ಣನೆಯನ್ನು ಸಿದ್ಧಪಡಿಸುವ ಹೊಣೆ ಭಾಷಾವಿಜ್ಞಾನದ್ದು. ಸಂಶೋಧನ ವಿದ್ಯಾರ್ಥಿಗಳಿಗೆ ಅದೊಂದು ಯೋಗ್ಯ ವಿಷಯವೆಂದು ಸೂಚಿಸುತ್ತೇವೆ.